ಮೊಟ್ಟೆ ತಿನ್ನದವರ ಪಟ್ಟಿ

ಮೊದಲು ಬಿದ್ದದ್ದು ತಟ್ಟೆ.

ಒಂದನೇ ಕ್ಲಾಸಿನ ಮಕ್ಕಳು ಬಿಸಿಯೂಟಕ್ಕೆ ಸಾಲಾಗಿ ನಿಂತಿದ್ದರು. ನಾನು ಸೌಟು ಹಿಡಿದು ಬಡಿಸುತ್ತಿದ್ದೆ. ನನ್ನ ಮಗಳು ದೀಕ್ಷಾ ಅನ್ನ ಸಾರು ಹಾಕಿಸಿಕೊಂಡು ಎರಡು ಹೆಜ್ಜೆ ಹೋದವಳು ತಟ್ಟೆ ಕೆಳಗೆ ಬಿಟ್ಟಳು. ಮಾರನೆಯ ದಿನವೂ ಬಿಟ್ಟಳು. ಮೂರನೆಯ ದಿನ ಎಲ್ಲ ಮಕ್ಕಳ ಎದುರಿಗೇ ಅವಳ ಬೆನ್ನಿಗೆ ಒಂದು ಕೊಟ್ಟೆ. ಅಡುಗೆಯವಳ ಮಗಳೇ ಅನ್ನ ಚೆಲ್ಲಿದರೆ ಉಳಿದವರಿಗೆ ಯಾವ ಬಾಯಲ್ಲಿ ಬುದ್ಧಿ ಹೇಳುವುದು ಅಂತ ನನ್ನ ಸಿಟ್ಟು. ಅವಳು ಅಳಲಿಲ್ಲ. ತನ್ನ ಕೈಯನ್ನು ಅತ್ತ ಇತ್ತ ತಿರುಗಿಸಿ ನೋಡಿಕೊಂಡಳು, ಅದು ಬೇರೆ ಯಾರದೋ ಕೈ ಅನ್ನುವ ಹಾಗೆ.

ಆ ಏಟು ನನಗೆ ನೆನಪಿದೆ. ಅವಳಿಗೆ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ.

ನಮ್ಮದು ಸುಂಟಿಕೊಪ್ಪದಿಂದ ಸ್ವಲ್ಪ ಒಳಗಿರುವ ಊರು. ಯಜಮಾನರಿಗೆ ಸುಂಟಿಕೊಪ್ಪದಲ್ಲಿ ದಿನಸಿ ಅಂಗಡಿ. ನಾನು ಊರಿನ ಸರ್ಕಾರಿ ಶಾಲೆಯಲ್ಲಿ ಅಡುಗೆಯವಳು. ಮಕ್ಕಳು ನನ್ನನ್ನು ಅಡುಗೆ ಅಕ್ಕ ಅನ್ನುತ್ತವೆ. ಮನೆಯಲ್ಲಿ ಅತ್ತೆ ಇದ್ದಾರೆ. ಅತ್ತೆ ಅಂದರೆ ಯಜಮಾನರ ತಾಯಿ, ನನ್ನ ಅಪ್ಪನ ಒಡಹುಟ್ಟಿದ ಅಕ್ಕನೂ ಹೌದು. ಈ ಮಾತು ಇಲ್ಲಿ ಯಾಕೆ ಹೇಳಿದೆ ಅಂದರೆ, ಮೈಸೂರಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಅದು.

"ಸಂಬಂಧದಲ್ಲೇ ಮದುವೆನಾ?"

"ಸೋದರತ್ತೆ ಮಗ."

ಅವರು ತಲೆಯಾಡಿಸಿ ಬರೆದುಕೊಂಡರು. ಎಂಆರ್‌ಐ ಆಯಿತು. ರಕ್ತ ಬೇರೆ ಊರಿಗೆ ಹೋಗಿ ರಿಪೋರ್ಟ್ ಬಂತು. ಅಷ್ಟರಲ್ಲಿ ದೀಕ್ಷಾ ಗೋಡೆ ಹಿಡಿದು ನಡೆಯುತ್ತಿದ್ದಳು. ಡಾಕ್ಟರು ಉದ್ದದ ಒಂದು ಹೆಸರು ಹೇಳಿದರು. ಲ್ಯೂಕೋಡಿಸ್ಟ್ರೊಫಿ ಅನ್ನುವುದು ಅದರ ಕೊನೆಯ ತುಂಡು. ಕರೆಂಟಿನ ವೈರಿಗೆ ಮೇಲೆ ಪ್ಲಾಸ್ಟಿಕ್ ಇರುವ ಹಾಗೆ ನರಗಳಿಗೂ ಒಂದು ಹೊದಿಕೆ ಇರುತ್ತದಂತೆ. ಇವಳಿಗೆ ಅದು ಸವೆದುಹೋಗುತ್ತಿದೆಯಂತೆ. ಹುಟ್ಟುವಾಗಲೇ ಬಂದದ್ದು, ಅರ್ಧ ನನ್ನಿಂದ, ಅರ್ಧ ಅವರಿಂದ.

"ಔಷಧಿ?" ಅಂತ ಯಜಮಾನರು ಕೇಳಿದರು.

"ಈ ಹಂತದಲ್ಲಿ ನಿಲ್ಲಿಸೋಕೆ ಆಗಲ್ಲ. ಕಷ್ಟ ಕಡಿಮೆ ಮಾಡಬಹುದು."

ನಾವು ಬಸ್ಸಿನಲ್ಲಿ ವಾಪಸು ಬಂದೆವು. ಕುಶಾಲನಗರದಲ್ಲಿ ಬಸ್ಸು ನಿಂತಾಗ ದೀಕ್ಷಾ ಕಡಲೆಕಾಯಿ ಬೇಕು ಅಂದಳು. ಕೊಡಿಸಿದೆವು. ಸಿಪ್ಪೆ ಸುಲಿಯಲು ಅವಳ ಬೆರಳಿಗೆ ಆಗಲಿಲ್ಲ. ಊರು ಬರುವವರೆಗೂ ಅವಳ ಅಪ್ಪ ಸುಲಿದು ಸುಲಿದು ಕೊಟ್ಟರು.

ಎರಡು ವರ್ಷದಲ್ಲಿ ಒಂದೊಂದಾಗಿ ಹೋದವು. ನಡಿಗೆ ಹೋಯಿತು, ಬರವಣಿಗೆ ಹೋಯಿತು. ಮಾತು ತೊದಲಿ, ಕಡಿಮೆಯಾಗಿ, ನಿಂತೇಹೋಯಿತು. ಕೊನೆಯ ಮಾತು ಯಾವುದು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅದು ಕೊನೆಯದು ಅಂತ ಗೊತ್ತಿದ್ದರೆ ಕಿವಿಗೊಟ್ಟು ಕೇಳುತ್ತಿದ್ದೆವು.

ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ ಹೆಡ್‌ಮಾಸ್ಟರು ನನ್ನನ್ನು ಕರೆಸಿ ಒಂದು ಫಾರಂ ಕೊಟ್ಟರು. ಮನೆ ಆಧಾರಿತ ಶಿಕ್ಷಣ. ಮಗುವಿನ ಹೆಸರು ಶಾಲೆಯಲ್ಲಿರುತ್ತದೆ, ಮಗು ಮನೆಯಲ್ಲಿರುತ್ತದೆ. ಆಗಾಗ ವಿಶೇಷ ಶಿಕ್ಷಕಿಯೊಬ್ಬರು ಬಂದು ನೋಡಿಕೊಂಡು ಹೋಗುತ್ತಾರೆ. ಹೆಡ್‌ಮಾಸ್ಟರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ನಾನು ಮಾತ್ರ ಸಹಿ ಹಾಕಲಿಲ್ಲ. ಇದರಲ್ಲಿ ಮಗಳ ಮೇಲಿನ ಪ್ರೀತಿ ಎಷ್ಟು, ನನ್ನ ಹಟ ಎಷ್ಟು ಅಂತ ಕೇಳಿದರೆ ಹೇಳಲಾರೆ. ಶಾಲೆಯ ನೂರು ಮಕ್ಕಳಿಗೆ ಬೇಯಿಸಿ ಹಾಕುವವಳು ನಾನು. ನನ್ನ ಮಗುವೊಂದೇ ಮನೆಯಲ್ಲಿ ಮಾಡಿನ ಹೆಂಚು ನೋಡುತ್ತಾ ಮಲಗಿರುವುದು ಅಂದರೆ ನನ್ನ ಕೈ ಸೌಟು ಹಿಡಿಯುತ್ತಿರಲಿಲ್ಲ.

ದಾರಿ ಮಾಡಿಕೊಟ್ಟವರು ಕ್ಲಾಸ್ ಟೀಚರ್ ಬೊಳ್ಳಮ್ಮ ಮಿಸ್. "ಗಲಾಟೆ ಮಾಡೋ ಇಪ್ಪತ್ತಾರನ್ನ ಕೂರಿಸ್ಕೊಂಡಿದ್ದೀನಿ ಸಾರ್. ಸುಮ್ನಿರೋ ಒಂದು ನನಗೇನು ಭಾರ?" ಅಂದರು. ಇಲಾಖೆಯಿಂದ ಗಾಲಿಕುರ್ಚಿ ಬಂತು. ಕುತ್ತಿಗೆ ವಾಲದ ಹಾಗೆ ಅದಕ್ಕೆ ಎರಡು ಕಡೆ ಹಳೆ ಸೀರೆಯ ಸುರುಳಿ ಕಟ್ಟಿದೆ. ಕಿಟಕಿಯ ಪಕ್ಕ ಅವಳ ಜಾಗ. ಅವಳ ಪಕ್ಕದ ಡೆಸ್ಕಿನಲ್ಲಿ ಮುತ್ತುಲಕ್ಷ್ಮಿ, ಎಲ್ಲರ ಬಾಯಲ್ಲಿ ಮುತ್ತು. ಕಾಫಿ ತೋಟದ ಕೂಲಿಯವರ ಲೈನ್‌ಮನೆಯ ಹುಡುಗಿ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಒಂದನೇ ಕ್ಲಾಸಿನಿಂದಲೂ ಇಬ್ಬರೂ ಜೋಡಿ.

ಮಧ್ಯಾಹ್ನ ಬಡಿಸಿ ಮುಗಿಸಿ ಸೆರಗಿಗೆ ಕೈ ಒರೆಸಿಕೊಂಡು ನಾನು ಕ್ಲಾಸಿಗೆ ಹೋಗುತ್ತಿದ್ದೆ. ಅನ್ನವನ್ನು ಗಂಜಿಯ ಹಾಗೆ ಹಿಸುಕಿ, ಬಾಳೆಹಣ್ಣು ನುರಿದು ತಿನ್ನಿಸುತ್ತಿದ್ದೆ. ಈ ಬಾಳೆಹಣ್ಣಿನ ಸಂಗತಿ ಹೇಳಬೇಕು. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುತ್ತಾರೆ. ತಿನ್ನದವರಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ. ಅದಕ್ಕೊಂದು ಪಟ್ಟಿ ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದೆ. ಅದರಲ್ಲಿ ನನ್ನ ಮಗಳ ಹೆಸರೇ ಮೊದಲು. ಬರೆಸಿದವಳು ನಾನು. ನಮ್ಮ ಮನೆಯೊಳಗೆ ಮೊಟ್ಟೆ ಬರುವುದಿಲ್ಲ. ಹುಟ್ಟಿದ ಕೆಲವೇ ದಿನಕ್ಕೆ ಅವಳಿಗೆ ಲಿಂಗ ಕಟ್ಟಿಸಿದವರು ಅತ್ತೆ. ನಾನು ಶಾಲೆಯಲ್ಲಿ ಮೊಟ್ಟೆ ಬೇಯಿಸಿ ಸುಲಿದು ಬಂದ ದಿನ ಹಿತ್ತಲಲ್ಲೇ ಸ್ನಾನ ಮಾಡಿ ಒಳಗೆ ಹೋಗುವುದು ಅತ್ತೆ ಮಾಡಿದ ನಿಯಮ. ಮಳೆ ಇರಲಿ, ಚಳಿ ಇರಲಿ, ಅದಕ್ಕೆ ಮಾಫಿ ಇಲ್ಲ.

ದೀಕ್ಷಾ ಬಾಳೆಹಣ್ಣಿಗೆ ಬಾಯಿ ಬಿಗಿ ಮಾಡುತ್ತಿದ್ದಳು. ಕಾಯಿಲೆಯಿಂದ ದವಡೆ ಬಿಗಿಯಾಗುತ್ತಿದೆ ಅಂದುಕೊಂಡೆ. ಎರಡು ಬೆರಳಿನಿಂದ ಕೆನ್ನೆ ಒತ್ತಿ ಬಾಯಿ ತೆರೆಸುತ್ತಿದ್ದೆ.

ಕಳೆದ ಡಿಸೆಂಬರ್‌ನಲ್ಲಿ, ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಒಂದು ದಿನ ಅಡುಗೆ ನಡುವೆ ಗ್ಯಾಸ್ ಮುಗಿಯಿತು. ಇನ್ನೊಂದು ಸಿಲಿಂಡರ್ ಹಾಕಿ ಬಡಿಸುವಷ್ಟರಲ್ಲಿ ತಡವಾಯಿತು. ಶಾಲಾ ಸಮಿತಿಯ ಅಧ್ಯಕ್ಷರು ಅವತ್ತು ಊಟದ ರುಚಿ ನೋಡಲು ಬಂದಿದ್ದರು. ಅವರು ನಮ್ಮವರೇ, ಅತ್ತೆಯ ಕಡೆಯ ಬಂಧು. ಅವರಿಗೆ ಬಡಿಸಿ ನಾನು ಕ್ಲಾಸಿಗೆ ಹೊರಟೆ. ಅವರೂ ಮಗುವನ್ನು ನೋಡೋಣ ಅಂತ ಹೆಡ್‌ಮಾಸ್ಟರ ಜೊತೆ ನನ್ನ ಹಿಂದೆ ಬಂದರು. ಬೊಳ್ಳಮ್ಮ ಮಿಸ್ ಮೊಣಕಾಲು ತರಚಿಕೊಂಡ ಮಗುವಿಗೆ ನಲ್ಲಿಯ ಹತ್ತಿರ ರಕ್ತ ತೊಳೆಯುತ್ತಿದ್ದರು.

ಕ್ಲಾಸಿನಲ್ಲಿ ದೀಕ್ಷಾಳ ಮುಖ ನೀಲಿಗೆ ತಿರುಗಿತ್ತು.

ಮುತ್ತು ಕುರ್ಚಿಯ ಪಕ್ಕ ಕಲ್ಲಾಗಿ ನಿಂತಿದ್ದಳು. ದೀಕ್ಷಾಳ ತುಟಿಯ ಮೇಲೆ ಹಳದಿ. ಸಾವಿರಾರು ಮೊಟ್ಟೆ ಸುಲಿದ ನನಗೆ ಅದೇನೆಂದು ಕೇಳಬೇಕಾಗಿರಲಿಲ್ಲ. ಹಿಂದೆ ಅಧ್ಯಕ್ಷರ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು.

ನಾನು ಮೊದಲು ಒರೆಸಿದೆ.

ಉಸಿರು ಸಿಕ್ಕದ ಮಗುವನ್ನು ಮೊದಲು ಮಗ್ಗುಲಾಗಿಸಬೇಕು, ಬೆನ್ನಿಗೆ ತಟ್ಟಬೇಕು. ಆಸ್ಪತ್ರೆಯಲ್ಲಿ ನನಗೆ ಇದನ್ನು ಹೇಳಿಕೊಟ್ಟಿದ್ದರು, ಮಾಡಿಸಿಯೂ ನೋಡಿದ್ದರು. ನಾನು ಸೆರಗಿನಿಂದ ಅವಳ ಬಾಯಿಯ ಹಳದಿ ಒರೆಸಿ, ಆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆಮೇಲೆ ಅವಳನ್ನು ಮಗ್ಗುಲಾಗಿಸಿದೆ. ಮೂರು ಎಣಿಸುವಷ್ಟು ಹೊತ್ತು. ನಾಲ್ಕೂ ಇರಬಹುದು. ಆ ಹೊತ್ತಿನಿಂದ ಹೆಚ್ಚುಕಡಿಮೆ ಏನಾದರೂ ಆಯಿತೇ ಅಂತ ಡಾಕ್ಟರನ್ನು ಕೇಳುವ ಧೈರ್ಯ ಇವತ್ತಿಗೂ ನನಗಿಲ್ಲ.

ಮಡಿಕೇರಿಯಿಂದ ಮೈಸೂರಿಗೆ ಕಳಿಸಿದರು. ಎಮರ್ಜೆನ್ಸಿಯಲ್ಲಿ ಅದೇ ಡಾಕ್ಟರು.

"ಏನು ತಿಂದಿದ್ಲು?"

"ಬಾಳೆಹಣ್ಣು."

ಸಕ್ಷನ್ ಹಾಕಿದರು. ಪೈಪಿನಲ್ಲಿ ಹಳದಿ ಬಂತು, ಜೊತೆಗೆ ಬಿಳಿ ಚೂರು. ಡಾಕ್ಟರು ನನ್ನ ಕಡೆ ತಿರುಗಿದರು. "ನಮ್ಮಲ್ಲಿ ಮೊಟ್ಟೆ ತಿನ್ನಲ್ಲ ಡಾಕ್ಟ್ರೇ," ಅಂದೆ. ಪಕ್ಕದಲ್ಲಿದ್ದ ವಯಸ್ಸಾದ ನರ್ಸ್ ತಲೆ ಎತ್ತದೆ ಹೇಳಿದರು: "ನೀವು ತಿನ್ನಲ್ಲ. ಮಗು ತಿಂದಿದೆ."

ಶ್ವಾಸಕೋಶಕ್ಕೆ ಇಳಿದಿತ್ತು. ನ್ಯುಮೋನಿಯಾ. ಒಂಬತ್ತು ದಿನ ಐಸಿಯು. ಹೊರಗಿನ ಬೆಂಚಿನಲ್ಲಿ ಕೂತು ನಾನು ಮಾಡಿದ ಕೆಲಸವನ್ನೂ ಹೇಳಿಬಿಡುತ್ತೇನೆ. ಯಜಮಾನರು, ಅತ್ತೆ, ನಮ್ಮ ಕಡೆಯವರು, ಯಾರು ಕೇಳಿದರೂ ನನ್ನ ಉತ್ತರ ಒಂದೇ. ಆ ಲೈನ್‌ಮನೆ ಹುಡುಗಿ ಮೊಟ್ಟೆ ತುರುಕಿದಳು. ಬೊಳ್ಳಮ್ಮ ಮಿಸ್ ಫೋನ್ ಮಾಡಿದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. "ಅವಳು ನನ್ನ ಮಗೂನ ಕೊಲ್ಲಕ್ಕೆ ಹೋಗಿದ್ಲು ಮಿಸ್," ಅಂದೆ. ಹತ್ತು ವರ್ಷದ ಹುಡುಗಿಯ ಬಗ್ಗೆ ಆಡಿದ ಮಾತು ಇದು. ಅವಳನ್ನು ಬೈದಷ್ಟೂ ಸೆರಗಿನ ಕಲೆ ಕಡಿಮೆಯಾಗುತ್ತದೆ ಅಂತ ನನಗೆ ಅನ್ನಿಸುತ್ತಿತ್ತು.

ದೀಕ್ಷಾ ಮೂಗಿನಲ್ಲಿ ಟ್ಯೂಬ್ ಹಾಕಿಸಿಕೊಂಡು ಮನೆಗೆ ಬಂದಳು. ಇನ್ನು ಬಾಯಿಂದ ಏನೂ ಇಲ್ಲ. ಹಾಲು, ರಾಗಿ ನೀರು, ಔಷಧಿ, ಎಲ್ಲ ಸಿರಿಂಜಿನಲ್ಲಿ. "ಎಷ್ಟು ದಿನ ಅಂತ ನಾನು ಹೇಳಲ್ಲ. ಇನ್ನೊಂದು ಮಳೆಗಾಲದಲ್ಲಿ ಕಫ ಕಟ್ಟಿದರೆ ಕಷ್ಟ," ಅಂದಿದ್ದರು ಡಾಕ್ಟರು.

ಹೆಡ್‌ಮಾಸ್ಟರು ಮನೆಗೆ ಬಂದರು. ಕೈಯಲ್ಲಿ ಅದೇ ಫಾರಂ.

"ನನಗೂ ಮಗಳಿದಾಳೆ ಕಣಮ್ಮ," ಅಂದರು. "ಇನ್ನೊಂದ್ಸಲ ಹಿಂಗಾದ್ರೆ ನಾನು ತಡ್ಕಳಲ್ಲ. ಬೇರೆ ಪೇರೆಂಟ್ಸೂ ಕೇಳ್ತಾವ್ರೆ. ಮಕ್ಳು ಹೆದರ್ಕಂಡವೆ. ಮುಂದಿನ ವಾರ ಸಮಿತಿ ಮೀಟಿಂಗ್ ಇದೆ, ಅಷ್ಟರಲ್ಲಿ ಸಹಿ ಹಾಕಿ ಕೊಡು."

ಫಾರಂ ದೇವರ ಗೂಡಿನ ಕೆಳಗೆ ಕೂತಿತು. ನಾನು ಕೆಲಸಕ್ಕೆ ರಜೆ ಹಾಕಿ ಮಗಳ ಹತ್ತಿರ ಕೂತೆ. ಹೀಗೆ ಹಗಲೆಲ್ಲ ಅವಳ ಮುಖ ನೋಡುತ್ತಾ ಕೂತದ್ದು ಅದೇ ಮೊದಲು. ಅವಳು ಆಗಾಗ ಕಣ್ಣು ಮುಚ್ಚಿ ತೆರೆಯುತ್ತಿದ್ದಳು, ಬಿಗಿಯಾಗಿ, ಬೇಕೆಂದೇ ಮಾಡಿದ ಹಾಗೆ. ಒಮ್ಮೊಮ್ಮೆ ಒಂದು ಸಲ, ಒಮ್ಮೊಮ್ಮೆ ಎರಡು ಸಲ. ಸೆಳೆತ ಬರುತ್ತಿದೆಯೇನೋ ಅಂತ ಹೆದರಿ ಬರೆದಿಟ್ಟುಕೊಂಡೆ, ಮೈಸೂರಿನಲ್ಲಿ ತೋರಿಸಲು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ನಾನು ಏನೂ ಮಾಡದಿದ್ದಾಗ ಅವಳು ಮಾಡಿನ ಕಡೆ ಕಣ್ಣು ತಿರುಗಿಸುತ್ತಿದ್ದಳು.

ಶನಿವಾರ ಬೊಳ್ಳಮ್ಮ ಮಿಸ್ ಬಂದು ಬಾಗಿಲಲ್ಲೇ ನಿಂತರು. "ಮುತ್ತು ಶಾಲೆ ಬಿಟ್ಟು ಹದಿನೈದು ದಿನ ಆಯ್ತು," ಅಂದರು. "ನಾನು ಎರಡು ಸಲ ಹೋಗಿ ಕರ್ದೆ. ಬರಲ್ಲ. ನೀನು ಆಡಿದ ಮಾತು ಅವಳ ಕಿವಿಗೆ ಬಿದ್ದಿದೆ. ಕರೆಯೋದಾದ್ರೆ ನೀನೇ ಕರೀಬೇಕು." ಕಾಫಿ ಬೇಡ ಅಂದು ಹೊರಟುಹೋದರು. ಅವರು ಕಾಫಿ ಬೇಡ ಅಂದದ್ದು ನಾನು ಯಾವತ್ತೂ ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಲೈನಿಗೆ ಹೋದೆ. ಮುತ್ತುವಿನ ಅಮ್ಮ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತು, ಒದ್ದೆ ಕೈಯನ್ನು ಹಿಂದೆ ಕಟ್ಟಿಕೊಂಡಳು. "ಅಕ್ಕಾ, ತಪ್ಪಾಯ್ತು. ಗೊತ್ತಿಲ್ದೆ ಮಾಡಿದ್ದು. ನಾನು ಹೊಡ್ದಿದೀನಿ ಅಕ್ಕಾ ಅವಳಿಗೆ," ಅಂದಳು. ಅವಳೂ ತನ್ನ ಮಗಳನ್ನು ಹೊಡೆದಿದ್ದಳು. ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ.

ಮುತ್ತು ಬಾಗಿಲ ಹಿಂದಿನಿಂದ ಅರ್ಧ ಮುಖ ತೋರಿಸಿದಳು.

"ಯಾಕೆ ಕೊಟ್ಟೆ ಮುತ್ತು? ಬೈಯಲ್ಲ, ಹೇಳು."

"ಅವಳೇ ಕೇಳಿದ್ಲು ಅಕ್ಕಾ."

"ಅವಳಿಗೆ ಮಾತೇ ಇಲ್ವಲ್ಲ. ಹೆಂಗೆ ಕೇಳಿದ್ಲು?"

ಅವಳು ನನ್ನನ್ನು ನೋಡಿದ ರೀತಿ, ಇಷ್ಟೂ ಗೊತ್ತಿಲ್ಲವೇ ಅನ್ನುವಂತಿತ್ತು. "ಎರಡು ಸಲ ಕಣ್ಣು ಮುಚ್ಚಿದ್ರೆ ಬೇಕು ಅಂತ. ಒಂದ್ಸಲ ಮುಚ್ಚಿದ್ರೆ ಬೇಡ ಅಂತ. ನಮ್ಮ ಕ್ಲಾಸಲ್ಲಿ ಎಲ್ರಿಗೂ ಗೊತ್ತು. ಬಾಳೆಹಣ್ಣು ಬೇಡ ಅಂತ ದಿನಾ ಹೇಳ್ತಾ ಇದ್ಲು. ನೀವು ಅವಳ ಬಾಯಿ ನೋಡ್ತೀರಿ ಅಕ್ಕಾ, ಕಣ್ಣು ನೋಡಲ್ಲ."

ಹತ್ತಿರ ಬಾ ಅಂತ ಕೈ ಚಾಚಿದರೆ ಬರಲಿಲ್ಲ, ಬಾಗಿಲ ಹಿಂದಿನಿಂದಲೇ ಮುಂದೆ ಹೇಳಿದಳು.

"ದಿನಾ ಹಳದಿ ಒಂದು ಚೂರು ನೀರಲ್ಲಿ ಕಲಸಿ ಕೊಡ್ತಿದ್ದೆ. ಒಂದನೇ ಕ್ಲಾಸಿಂದ ತಿಂತಾಳೆ ಅವಳು, ಆಗ ಅವಳೇ ನನ್ನ ತಟ್ಟೆಯಿಂದ ತಗೋತಿದ್ಲು. ಮನೇಲಿ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಮಾಡಿಸ್ಕೊಂಡಿದ್ಲು. ಆವತ್ತು ನೀವು ಬರೋದು ಲೇಟಾಯ್ತು. ಅವಳಿಗೆ ಹಸಿವು. ಮತ್ತೆ ಮತ್ತೆ ಬೇಕು ಅಂದ್ಲು. ಬಿಳಿನೂ ಕೊಟ್ಬಿಟ್ಟೆ." ಅಷ್ಟು ಹೇಳಿ ಅವಳು ಬಾಗಿಲ ಚಿಲಕ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ಪಕ್ಕದ ಮನೆಯವರು ಹೊರಗೆ ಬಂದು ನೋಡಿ ಒಳಗೆ ಹೋದರು.

ದಾರಿಯುದ್ದಕ್ಕೂ ಒಂದೇ ಯೋಚನೆ. ಮೂರು ವರ್ಷ ನನ್ನ ಮಗಳು ಆರಿಸಿಕೊಂಡ ಒಂದೇ ಒಂದು ವಸ್ತು, ನಾನು ದಿನಾ ಕೈಯಾರೆ ಬೇಯಿಸುತ್ತಿದ್ದ ಮೊಟ್ಟೆ. ಮಾತು ಹೋದ ಮೇಲೂ ಅವಳು ಮಾತಾಡುತ್ತಿದ್ದಳು, ನನಗೆ ಮಾತ್ರ ಕೇಳಿಸಿರಲಿಲ್ಲ. ಆ ಮಾತನ್ನು ಅವಳಿಗೆ ಕಲಿಸಿದವರು ಡಾಕ್ಟರಲ್ಲ, ವಿಶೇಷ ಶಿಕ್ಷಕಿಯಲ್ಲ. ಒಂದು ಕ್ಲಾಸಿನ ಮಕ್ಕಳು, ಟೀಚರ್ ಬೋರ್ಡಿನ ಕಡೆ ತಿರುಗಿದಾಗ, ಆಟವಾಡುತ್ತಾ ಮಾಡಿಕೊಂಡದ್ದು. ಮನೆಯಲ್ಲಿ ಅದನ್ನು ಬಲ್ಲವರೇ ಇರಲಿಲ್ಲ. ಸಹಿ ಹಾಕಿದರೆ ಉಳಿದಷ್ಟು ದಿನ ಅವಳು ಮೂಕಿಯಾಗಿಯೇ ಇರಬೇಕು.

ಮನೆಗೆ ಬಂದು ಅವಳ ಎದುರು ಕೂತೆ. "ಶಾಲೆಗೆ ಹೋಗ್ಬೇಕಾ?" ಅಂತ ಕೇಳಿದೆ. ಬಾಯಿಯಲ್ಲ, ಕಣ್ಣು ನೋಡಿದೆ.

ಎರಡು ಸಲ.

ಮೀಟಿಂಗಿಗೆ ಹೋಗುವ ಮುಂಚೆ ಯಜಮಾನರಿಗೆ ಎಲ್ಲ ಹೇಳಿದೆ, ಒರೆಸಿದ್ದನ್ನೂ. ಅವರು "ಅಲ್ಲಿ ಅದನ್ನೂ ಹೇಳ್ತೀಯಾ?" ಅಂದರು. ಹೇಳುತ್ತೇನೆ ಅಂದೆ. ಅಂಗಡಿ ಬಾಗಿಲು ಹಾಕಿ ಜೊತೆಗೆ ಬಂದರು. ಒಳಗೆ ಬರಲಿಲ್ಲ, ಶಾಲೆಯ ಗೇಟಿನ ಹತ್ತಿರ ನಿಂತರು.

ಸಮಿತಿಯವರು, ಕೆಲವು ಪೇರೆಂಟ್ಸ್, ಎದುರಿಗೆ ಅಧ್ಯಕ್ಷರು. ಹೆಡ್‌ಮಾಸ್ಟರು ಫಾರಂಗೆ ಕೈ ಚಾಚಿದರು. ನಾನು ಎದ್ದು ನಿಂತು ಹೇಳಿದೆ. ನನ್ನ ಮಗಳು ತಿಂದದ್ದು ಮೊಟ್ಟೆ. ಅವಳೇ ಕೇಳಿ ತಿಂದಳು. ಆ ಹುಡುಗಿಯ ತಪ್ಪಿಲ್ಲ. ದೀಕ್ಷಾ ಗಟ್ಟಿ ತುಂಡು ನುಂಗಬಾರದು ಅಂತ ಆ ಮಕ್ಕಳಿಗೆ ಯಾರೂ ತಿಳಿಸಿ ಹೇಳಿರಲಿಲ್ಲ, ಹೇಳಬೇಕಾದವಳು ನಾನು. "ಇವರು ಹಿಂದೆ ಬರ್ತಾ ಇದ್ರು," ಅಂತ ಅಧ್ಯಕ್ಷರ ಕಡೆ ಕೈ ತೋರಿಸಿದೆ. "ಇವರು ನೋಡಬಾರ್ದು ಅಂತ ಮೊದಲು ಬಾಯಿ ಒರೆಸ್ದೆ. ಆಮೇಲೆ ಉಸಿರು ನೋಡಿದ್ದು. ತಪ್ಪು ಮಾಡಿದೋರ್ನ ಶಾಲೆಯಿಂದ ಹೊರಗೆ ಹಾಕೋದಾದ್ರೆ ನನ್ನ ಹಾಕಿ. ನನ್ನ ಮಗಳು ಕ್ಲಾಸಲ್ಲಿ ಕೂತ್ಕಳಲಿ."

ಅಧ್ಯಕ್ಷರು ನೆಲ ನೋಡಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬರು "ಇಂಥ ಮಗೂನ ನೋಡ್ಕಂಡು ನಮ್ಮ ಮಕ್ಳು ಏನು ಕಲೀತಾವೆ," ಅಂದರು. ಬೊಳ್ಳಮ್ಮ ಮಿಸ್ ಆ ಮಾತಿಗೆ ಬಾಯಿ ತೆರೆದು, ಮತ್ತೆ ಮುಚ್ಚಿ, ಒಂದು ಹಾಳೆ ತೆಗೆದರು. ವಾರಕ್ಕೆ ಮೂರು ದಿನ, ಮಧ್ಯಾಹ್ನದ ಊಟ ಮುಗಿಯುವವರೆಗೆ. ಬಾಯಿಗೆ ಏನೂ ಇಲ್ಲ. ಟ್ಯೂಬಿನಲ್ಲಿ ನಾನೇ ಕೊಡಬೇಕು. ಮಗ್ಗುಲಾಗಿಸುವುದನ್ನು ಮಿಸ್ ಕಲಿಯುತ್ತಾರೆ. ಜವಾಬ್ದಾರಿ ನಮ್ಮದು ಅಂತ ನಾನು ಬರೆದುಕೊಟ್ಟೆ. ಹೆಡ್‌ಮಾಸ್ಟರು ಖಾಲಿ ಫಾರಂ ಮಡಚಿ ಡ್ರಾಯರ್‌ನಲ್ಲಿಟ್ಟರು, ಹರಿಯಲಿಲ್ಲ. ಬೇಕಾಗಬಹುದು ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಸುದ್ದಿ ನನಗಿಂತ ಮೊದಲು ಮನೆ ತಲುಪಿತ್ತು. ಅತ್ತೆ ನನ್ನನ್ನು ಒಂದೇ ಮಾತು ಕೇಳಿದರು. "ಲಿಂಗ ಕಟ್ಟಿದ ಕೊರಳು ಕಣವ್ವ ಅದು. ಮೂರು ವರ್ಷದಿಂದ್ಲಾ?" ಹೂಂ ಅಂದೆ. ಆಮೇಲೆ ಅವರು ನನ್ನ ಜೊತೆ ಮಾತು ಬಿಟ್ಟರು. ಮೊಮ್ಮಗಳ ಜೊತೆ ಬಿಡಲಿಲ್ಲ. ದಿನಾ ಅವಳ ಕಾಲಿಗೆ ಎಣ್ಣೆ ತಿಕ್ಕುವಾಗ ಏನೋ ಮೆಲ್ಲಗೆ ಕೇಳುತ್ತಿದ್ದರು. ಒಂದು ದಿನ ಹಿತ್ತಲ ಬಾಗಿಲಿನಿಂದ ಕೇಳಿಸಿಕೊಂಡೆ. "ಎಣ್ಣೆ ಬಿಸಿ ಸಾಕೇನೇ?" ಅಂತ ಕೇಳಿ, ಅವಳ ಕಣ್ಣನ್ನೇ ನೋಡುತ್ತಿದ್ದರು.

ಚೆಕಪ್ಪಿಗೆ ಹೋದಾಗ ಡಾಕ್ಟರು ತೂಕ ನೋಡಿದರು, ಎದೆ ಕೇಳಿದರು. ಮುಖದಲ್ಲಿ ಒಳ್ಳೆಯ ಸುದ್ದಿ ಇರಲಿಲ್ಲ. "ನುಂಗಿಸಬೇಡಿ. ತುಟಿಗೆ, ನಾಲಿಗೆ ತುದಿಗೆ ಒಂಚೂರು ರುಚಿ ಹತ್ತಿಸಿದರೆ ಪರವಾಗಿಲ್ಲ," ಅಂದರು. "ಅವಳಿಗೆ ಇಷ್ಟವಾದದ್ದು ಏನಿದೆ?"

"ಮೊಟ್ಟೆ, ಡಾಕ್ಟ್ರೇ," ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು.

ಇದು ಕಳೆದ ವಾರದ ಮಾತು. ಅಡುಗೆಮನೆಯ ಬಾಗಿಲ ಹಿಂದಿನ ಪಟ್ಟಿಯಲ್ಲಿ ಮೊದಲ ಹೆಸರಿನ ಮೇಲೆ ನಾನೇ ಗೆರೆ ಎಳೆದೆ. ಬೇಯಿಸಿದ ಮೊಟ್ಟೆಯೊಂದರ ಹಳದಿ ತೆಗೆದು ಬಿಸಿನೀರಿನಲ್ಲಿ ಕಲಸಿಕೊಂಡು ಕ್ಲಾಸಿಗೆ ಹೋದೆ. ಮುತ್ತು ತನ್ನ ಜಾಗದಲ್ಲಿದ್ದಳು. ಶಾಲೆಗೆ ಬರುತ್ತಿದ್ದಾಳೆ, ಆದರೆ ದೀಕ್ಷಾಳ ಕುರ್ಚಿಯಿಂದ ಒಂದು ಮಾರು ದೂರವೇ ಉಳಿಯುತ್ತಾಳೆ. ನೀನೇ ಹಚ್ಚು ಅಂದೆ. ಬೇಡ ಅಂತ ಕೈ ಹಿಂದೆ ಕಟ್ಟಿಕೊಂಡಳು, ಥೇಟ್ ಅವಳ ಅಮ್ಮನ ಹಾಗೆ. ನಾನು ಮಾಡಿದ ಗಾಯ ಅದು, ಅವಸರ ಮಾಡಿದರೆ ಮಾಯುವುದಿಲ್ಲ. ನಾನೇ ಕಿರುಬೆರಳಿನಿಂದ ತುಟಿಗೆ ಹಚ್ಚಿದೆ. ದೀಕ್ಷಾ ಏನೂ ಮಾಡಲಿಲ್ಲ. ಕಣ್ಣೂ ಈಗ ಸೋಲುತ್ತಿದೆ. ತುಂಬಾ ಹೊತ್ತು ಕಾದೆ. ಮುತ್ತುವೇ ಮೊದಲು ಕಂಡದ್ದು.

"ಬೇಕಂತೆ ಅಕ್ಕಾ," ಅಂದಳು ದೂರದಿಂದಲೇ.

ಊಟದ ಗಂಟೆ ಮುಗಿದ ಮೇಲೆ ಅವಳನ್ನು ಆಟೋದಲ್ಲಿ ಮನೆಗೆ ಕರೆತಂದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮಗಳ ಬಾಯಿಯ ಕೊನೆಯಲ್ಲಿ ಹಳದಿ ಒಣಗಿ ಅಂಟಿತ್ತು. ಇಳಿಸುವ ಮುಂಚೆ ನನ್ನ ಕಣ್ಣಿಗೂ ಬಿದ್ದಿತ್ತು. ನಾನು ಒರೆಸಿರಲಿಲ್ಲ.

ಅತ್ತೆ ಅದನ್ನು ನೋಡಿದರು. ಅವರ ಕೈ ಸೆರಗಿನ ತುದಿಗೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮಗುವಿನ ಕಂಕುಳಿಗೆ ಕೈ ಕೊಟ್ಟು ಒಂದು ಕಡೆ ಎತ್ತಿಕೊಂಡರು. ತಿಂಗಳ ಮೇಲೆ ನನ್ನ ಜೊತೆ ಮಾತಾಡಿದರು.

"ಕಾಲು ಹಿಡ್ಕೊ. ಬಾಯಿ ಸಂಜೆ ಮೈ ತೊಳೆಸುವಾಗ ತೊಳೆದ್ರಾಯ್ತು."